ಮಲೆನಾಡಿನ ಕಾಲುಗಳಿಗೆ ಸಹ್ಯಾದ್ರಿಯ ಕಪ್ಪು ಕಲ್ಲು

ಪ್ರಶ್ನೆ: ನನ್ನ ತವರು ತೀರ್ಥಹಳ್ಳಿಯ ಕಡೆ, ಗಂಡನ ಊರು ಅಫಜಲಪುರ. ಆರು ವರ್ಷಗಳಿಂದ ಪಿಂಪ್ರಿ-ಚಿಂಚವಡದಲ್ಲಿ ನೆಲೆಸಿದ್ದೇವೆ. ಈ ಜುಲೈನಲ್ಲಿ ಹನ್ನೊಂದು ವರ್ಷದ ಮಗಳನ್ನೂ ಊರಿನಿಂದ ಬಂದಿರುವ ಮಾವನವರನ್ನೂ ಕರೆದುಕೊಂಡು ಕಾಡುದಾರಿಗಳಲ್ಲಿ ನಡೆದು ಜಲಪಾತ ನೋಡಬೇಕೆಂಬ ಆಸೆ. ಮಾವನವರಿಗೆ 66 ವರ್ಷ, ಒಂದು ಮೊಣಕಾಲಿನಲ್ಲಿ ನೋವಿದೆ. ಗೆಳತಿಯರು ದೇವಕುಂಡ, ಅಂಧಾರಬನ ಎನ್ನುತ್ತಾರೆ. ತಂಗಿ ಗೋವಾದ ಫೋಂಡಾದಲ್ಲಿದ್ದಾಳೆ, ಅಲ್ಲಿಗೂ ಹೋಗಬಹುದು. ನಾನು ಮಳೆ, ಹಳ್ಳ, ಜಿಗಣೆಗಳ ನಡುವೆಯೇ ಬೆಳೆದವಳು, ನನಗೆ ಭಯವಿಲ್ಲ. ಆದರೆ ಭೂಶಿ ಅಣೆಕಟ್ಟೆಯ ದೃಶ್ಯವನ್ನು ಟಿ.ವಿ.ಯಲ್ಲಿ ನೋಡಿದಂದಿನಿಂದ ಅತ್ತೆಯವರು ಬೇಡವೇ ಬೇಡ ಎನ್ನುತ್ತಿದ್ದಾರೆ. ಎಲ್ಲಿಗೆ, ಯಾವಾಗ, ಹೇಗೆ ಹೋಗಬೇಕು ತಿಳಿಸಿ.

ಉತ್ತರ: ಅತ್ತೆಯವರ ಅಂಜಿಕೆಯಿಂದಲೇ ಶುರು ಮಾಡುತ್ತೇನೆ, ಅದರಲ್ಲಿ ಹುರುಳಿದೆ. 2024ರ ಜೂನ್ 30ರ ಭಾನುವಾರ ಲೋಣಾವಳದ ಭೂಶಿ ಅಣೆಕಟ್ಟೆಯ ಹಿಂದಿನ ಹಳ್ಳದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರಲ್ಲಿ ಮಕ್ಕಳೇ ಹೆಚ್ಚು. ನಡುನೀರಿನ ಬಂಡೆಯ ಮೇಲೆ ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದ ಅವರನ್ನು ದಡದಲ್ಲಿದ್ದವರು ನೋಡುತ್ತಿದ್ದರು, ಯಾರಿಂದಲೂ ಏನೂ ಮಾಡಲಾಗಲಿಲ್ಲ. ಆ ದೃಶ್ಯ ನೋಡಿದ ಯಾವ ಅಜ್ಜಿಯಾದರೂ ಮೊಮ್ಮಗಳನ್ನು ಹಳ್ಳದ ಹತ್ತಿರ ಕಳಿಸಲು ಹಿಂಜರಿಯುತ್ತಾರೆ.

ನನಗೆ ಹೆಚ್ಚು ಚಿಂತೆ ತಂದದ್ದು ನಿಮ್ಮ ಪತ್ರದ ಇನ್ನೊಂದು ಮಾತು: ನಿಮಗೆ ಭಯವಿಲ್ಲ ಎಂಬುದು. ಮೂವತ್ತು ವರ್ಷಗಳಿಂದ ಪುಣೆಯ ಕನ್ನಡ ಕುಟುಂಬಗಳನ್ನು ಈ ಘಟ್ಟಗಳಲ್ಲಿ ನಡೆಸಿದ್ದೇನೆ. ಬಯಲುಸೀಮೆಯಿಂದ ಬಂದವರು ಹಳ್ಳ ಕಂಡೊಡನೆ ನಿಂತು ಕೇಳುತ್ತಾರೆ. ಮಲೆನಾಡಿನವರು ಕೇಳುವುದಿಲ್ಲ, ಚಪ್ಪಲಿ ಕೈಗೆ ತೆಗೆದುಕೊಂಡು ಇಳಿದೇಬಿಡುತ್ತಾರೆ. ನಾನೂ ಸಾಗರದ ಕಡೆಯವನು, ಹಾಗೆಯೇ ಇಳಿಯುತ್ತಿದ್ದೆ. ಮಲೆನಾಡಿನ ನಮ್ಮ ಅನುಭವ ಸುಳ್ಳಲ್ಲ; ಆದರೆ ಅದು ಬೇರೆ ನೆಲದ ಅನುಭವ.

ನಿಮ್ಮೂರಿನ ಗುಡ್ಡವನ್ನು ನೆನಪಿಸಿಕೊಳ್ಳಿ. ದಟ್ಟ ಮರಗಳು, ಕೆಳಗೆ ಮೊಣಕಾಲುದ್ದದ ತರಗೆಲೆ, ಅದರ ಕೆಳಗೆ ಆಳವಾದ ಮಣ್ಣು. ಮಳೆ ಮೊದಲು ಎಲೆಗೆ, ಆಮೇಲೆ ತರಗಿಗೆ, ಆಮೇಲೆ ಮಣ್ಣಿಗೆ ಇಳಿದು, ನೆಲವೆಲ್ಲ ಕುಡಿದು ಮಿಕ್ಕದ್ದು ಹಳ್ಳಕ್ಕೆ ಬರುತ್ತದೆ. ಹಳ್ಳ ಏರುವುದಕ್ಕೂ ಹೊತ್ತು ಬೇಕು, ಇಳಿಯುವುದಕ್ಕೂ ದಿನಗಟ್ಟಲೆ ಬೇಕು. ಪುಣೆಯ ಪಶ್ಚಿಮಕ್ಕಿರುವ ಸಹ್ಯಾದ್ರಿ ಹಾಗಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಪದರ ಪದರವಾಗಿ ಹೆಪ್ಪುಗಟ್ಟಿ ಆದ ಕಪ್ಪು ಕಲ್ಲಿನ ಬೆಟ್ಟ ಇದು. ಗಟ್ಟಿ ಪದರ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ಅದರ ಕೆಳಗಿನ ಮೆದು ಪದರ ಸವೆದು ಹಾಸುಗಟ್ಟೆಯಾಗುತ್ತದೆ. ಆದ್ದರಿಂದಲೇ ಇಲ್ಲಿನ ಬೆಟ್ಟಗಳೆಲ್ಲ ಮೆಟ್ಟಿಲು ಕಡಿದಂತೆ ಕಾಣುತ್ತವೆ. ಜಲಪಾತಗಳು ಹುಟ್ಟುವುದು ಆ ಗೋಡೆಗಳ ಅಂಚಿನಲ್ಲಿ, ಕಾಲುದಾರಿಗಳು ಸಾಗುವುದು ಆ ಹಾಸುಗಟ್ಟೆಗಳ ಮೇಲೆ. ಎಲ್ಲಕ್ಕಿಂತ ಮೇಲಿನ ನೆತ್ತಿಯನ್ನು ಇಲ್ಲಿಯ ಜನ ಸಡಾ ಎನ್ನುತ್ತಾರೆ. ಅಲ್ಲಿ ಬಹುಪಾಲು ಬರಿಯ ಬಂಡೆ, ಅಂಗೈ ದಪ್ಪದ ಮಣ್ಣು, ಅದರ ಮೇಲೆ ಹುಲ್ಲು. ವರ್ಷದಲ್ಲಿ ಏಳೆಂಟು ತಿಂಗಳು ಹನಿ ಮಳೆಯಿಲ್ಲದೆ ಒಣಗುವ ನೆಲ ಅದು. ನಮ್ಮ ಕಡೆಯ ಕಾಡಿನ ದಪ್ಪ ಹೊದಿಕೆ ಅದಕ್ಕಿಲ್ಲ. ಹೆಂಚಿನ ಮಾಡಿನ ಮೇಲೆ ಬಿದ್ದ ಮಳೆ ಸೂರಂಚಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ? ಸಡಾದ ಮೇಲೆ ಬಿದ್ದ ಮಳೆ ಹಳ್ಳಕ್ಕೆ ಬರುವುದೂ ಹಾಗೆಯೇ. ಪಾದ ಮುಳುಗುವಷ್ಟಿದ್ದ ನೀರು ಕೆಲವೇ ನಿಮಿಷಗಳಲ್ಲಿ ಸೊಂಟಕ್ಕೇರುತ್ತದೆ.

ಇನ್ನೊಂದು ಸಂಗತಿ ಮಳೆಯ ಹಂಚಿಕೆ. ಪುಣೆ ನಗರಕ್ಕೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಅಲ್ಲಿಂದ 65 ಕಿಲೋಮೀಟರ್ ಆಚೆಯ ಲೋಣಾವಳಕ್ಕೆ 4000 ಮಿಲಿಮೀಟರಿಗೂ ಹೆಚ್ಚು. ನಿಮ್ಮ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿರುವಾಗ ಘಟ್ಟದ ಅಂಚಿನಲ್ಲಿ ಆಕಾಶವೇ ಹರಿದು ಬೀಳುತ್ತಿರಬಹುದು. ಜಲಪಾತದ ಅಡಿಯಲ್ಲಿ ನಿಂತವರಿಗೆ ತಲೆಯ ಮೇಲೆ ಬಿಸಿಲೇ ಇರಬಹುದು, ಮೇಲೆ ನೆತ್ತಿಯಲ್ಲಿ ಏನಾಗುತ್ತಿದೆ ಎಂಬುದು ಅವರಿಗೆ ಕಾಣುವುದಿಲ್ಲ. ಆದ್ದರಿಂದ ನಾನು ಪಾಲಿಸುವ, ನನ್ನೊಂದಿಗೆ ಬರುವವರೆಲ್ಲರಿಂದ ಪಾಲನೆ ಮಾಡಿಸುವ ನಿಯಮ ಒಂದೇ: ಮಳೆಗಾಲದಲ್ಲಿ ಜಲಪಾತವನ್ನು ಎದುರುಗುಡ್ಡದಿಂದ ನೋಡಬೇಕು, ಅದರ ಕೆಳಗೆ ಹೋಗಿ ನಿಲ್ಲಬಾರದು. ಎದುರಿನಿಂದಲೇ ಅದರ ಪೂರ್ತಿ ರೂಪ ಕಾಣುವುದು. ಗಾಳಿ ಅದನ್ನು ಹೇಗೆ ಪಕ್ಕಕ್ಕೆ ತಳ್ಳುತ್ತದೆ, ಮಂಜು ಬಂದು ಅರ್ಧವನ್ನು ಹೇಗೆ ನುಂಗಿ ಮತ್ತೆ ಬಿಟ್ಟುಕೊಡುತ್ತದೆ, ಒಂದೇ ಗೋಡೆಯಲ್ಲಿ ಏಳೆಂಟು ಬಿಳಿ ಗೆರೆಗಳು ಹೇಗೆ ಹುಟ್ಟಿ ಅಳಿಯುತ್ತವೆ, ಇದೆಲ್ಲ ಕೆಳಗೆ ನಿಂತವರಿಗೆ ದೊರಕುವುದೇ ಇಲ್ಲ.

ದೇವಕುಂಡ ಈ ಕಾರಣಕ್ಕೇ ಬೇಡ. ಅದು ತಾಮ್ಹಿಣಿ ಘಟ್ಟದ ಕೆಳಗೆ ಭೀರಾ ಊರಿನ ಹತ್ತಿರ, ಮೂರು ಕಡೆ ಗೋಡೆಯಿರುವ ಬಾವಿಯಂಥ ಜಾಗ. ಒಳಗೆ ಹೋದ ದಾರಿಯಲ್ಲೇ ಹಿಂದಿರುಗಬೇಕು, ನಡುವೆ ಹಳ್ಳ ದಾಟಬೇಕು. ಮಳೆಗಾಲದಲ್ಲಿ ರಾಯಗಡ ಜಿಲ್ಲಾಡಳಿತ ಅಲ್ಲಿಗೆ ಪ್ರವೇಶವನ್ನೇ ಮತ್ತೆ ಮತ್ತೆ ನಿಷೇಧಿಸುತ್ತದೆ. ನಿಷೇಧದ ದಿನಗಳಲ್ಲೂ ಹಿಂಬದಿಯಿಂದ ಕರೆದೊಯ್ಯುತ್ತೇವೆ ಎನ್ನುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಕುಂಡದ ನೀರಿನ ಬಗ್ಗೆಯೂ ಒಂದು ಮಾತು. ಮೇಲಿನಿಂದ ಬೀಳುವ ನೀರು ಗಾಳಿಯನ್ನು ಹೊತ್ತು ಒಳನುಗ್ಗುತ್ತದೆ. ಆ ಬಿಳಿ ನೊರೆಯಲ್ಲಿ ಒಳ್ಳೆಯ ಈಜುಗಾರನೂ ತೇಲುವುದು ಕಷ್ಟ. ಹಳ್ಳದ ತಳದಲ್ಲಿ ಉರುಟು ಕಲ್ಲುಗಳು ವರ್ಷಾನುಗಟ್ಟಲೆ ತಿರುಗಿ ತಿರುಗಿ ಬಂಡೆಯಲ್ಲಿ ಗುಡಾಣದಂಥ ಕುಳಿಗಳನ್ನು ಕೊರೆದಿರುತ್ತವೆ. ಕುಕಡಿ ನದಿಯ ನಿಘೋಜ್‌ನಲ್ಲಿ ಬೇಸಿಗೆಯಲ್ಲಿ ಹೋದರೆ ಅಂಥ ಕುಳಿಗಳು ಸಾಲುಸಾಲಾಗಿ ಕಾಣುತ್ತವೆ. ರಾಂಜಣ ಎಂದರೆ ಮರಾಠಿಯಲ್ಲಿ ನೀರಿನ ಗುಡಾಣ, ಅದರಿಂದಲೇ ಆ ಜಾಗಕ್ಕೆ ರಾಂಜಣಖಳಗೆ ಎಂಬ ಹೆಸರು. ಅದನ್ನೊಮ್ಮೆ ಮಗಳಿಗೆ ತೋರಿಸಿ. ಮೊಣಕಾಲುದ್ದದ ನೀರಿನ ಪಕ್ಕದ ಹೆಜ್ಜೆಯಲ್ಲೇ ಆಳಾಳದ ಬಾವಿ ಹೇಗಿರಬಲ್ಲದು ಎಂಬುದು ಹೇಳದೆಯೇ ಅರ್ಥವಾಗುತ್ತದೆ.

ಅಂಧಾರಬನ ನಿಜಕ್ಕೂ ಸುಂದರ. ಹೆಸರೇ ಹೇಳುವಂತೆ ಕತ್ತಲ ಕಾಡು. ಮುಳಶಿಯ ಆಚೆ ಪಿಂಪ್ರಿ ಎಂಬ ಹಳ್ಳಿಯಿಂದ (ನಿಮ್ಮ ಪಿಂಪ್ರಿಯಲ್ಲ) ಕುಂಡಲಿಕಾ ಕಣಿವೆಯ ಅಂಚಿನಲ್ಲಿ ಸಾಗಿ ಭೀರಾಕ್ಕೆ ಇಳಿಯುವ ಈ ದಾರಿ ಸುಮಾರು 13 ಕಿಲೋಮೀಟರ್. ಬಹುಪಾಲು ಸಮತಟ್ಟು, ಆದರೆ ಕೊನೆಯ ಇಳಿಜಾರು ಮೊಣಕಾಲನ್ನು ಹಿಂಡುತ್ತದೆ, ದಾರಿಯಲ್ಲಿ ಹಳ್ಳಗಳೂ ಇವೆ. ಮಾವನವರಿಗೆ ಇದು ಆಗದು. ನೀವು, ನಿಮ್ಮ ಯಜಮಾನರು, ಮಗಳು ಮೂವರೂ ಅಕ್ಟೋಬರಿನಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಹಳ್ಳಿಯವರೊಬ್ಬರನ್ನು ಜೊತೆಗಿಟ್ಟುಕೊಂಡು ಹೋಗಿ. ಆಗಲೂ ನೀರಿರುತ್ತದೆ, ಹಳ್ಳ ತಿಳಿಯಾಗಿರುತ್ತದೆ, ಕಣಿವೆ ಆಚೆಯ ತುದಿಯವರೆಗೆ ಕಾಣುತ್ತದೆ.

ಜುಲೈಗೆ ನಾನು ಸೂಚಿಸುವ ಮೊದಲ ನಡಿಗೆ ಮಳವಲಿಯಿಂದ ಲೋಹಗಡ. ಚಿಂಚವಡದಲ್ಲಿ ಲೋಣಾವಳದ ಲೋಕಲ್ ಹತ್ತಿ ಮಳವಲಿಯಲ್ಲಿ ಇಳಿಯಿರಿ. ಗದ್ದೆಗಳ ನಡುವಿನ ದಾರಿಯಲ್ಲಿ ಭಾಜೆ ಊರು, ಅಲ್ಲಿ ಕ್ರಿಸ್ತಪೂರ್ವ 2ನೇ ಶತಮಾನದ ಬೌದ್ಧ ಗುಹೆಗಳು. ಗುಹೆಯ ಜಗಲಿಯಲ್ಲಿ ಕುಳಿತರೆ ಎದುರಿಗೆ ಬಯಲು, ಮಳೆಯ ತೆರೆ. ಬೆಳಗಿನ ಉಪಾಹಾರಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಈ ಸುತ್ತಿನಲ್ಲಿ ನನಗೆ ತಿಳಿದಿಲ್ಲ. ಅಲ್ಲಿಂದ ಲೋಹಗಡ ಮತ್ತು ವಿಸಾಪುರ ಕೋಟೆಗಳ ನಡುವಿನ ಗಾಯ್‌ಮುಖ ಖಿಂಡಿಗೆ ಏರಿ, ಲೋಹಗಡವಾಡಿಯಿಂದ ಕಲ್ಲಿನ ಮೆಟ್ಟಿಲುಗಳಲ್ಲಿ ಕೋಟೆ ಹತ್ತಬಹುದು. ದಾರಿಯುದ್ದಕ್ಕೂ ನೀರು ಕಾಣುತ್ತದೆ, ಕೇಳುತ್ತದೆ. ನೀವು ಅದರೊಳಗೆ ಇಳಿಯಬೇಕಾದ ಪ್ರಸಂಗ ಬರುವುದಿಲ್ಲ. ಮಾವನವರು ಲೋಹಗಡವಾಡಿಯವರೆಗೆ ವಾಹನದಲ್ಲಿ ಬಂದು, ಅಲ್ಲಿ ಯಾರದಾದರೂ ಮನೆಯ ಪಡಸಾಲೆಯಲ್ಲಿ ಕುಳಿತು ಪಿಠ್ಲ-ಭಾಕರಿ ಹೇಳಲಿ. ಅಫಜಲಪುರದವರಿಗೆ ಅದು ಊರಿನ ಝುಣಕ-ರೊಟ್ಟಿಯೇ ಆದೀತು. 2025ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಲೋಹಗಡವೂ ಒಂದು. ಆದ್ದರಿಂದ ಶನಿವಾರ, ಭಾನುವಾರ ಅಲ್ಲಿಗೆ ಹೋಗಲೇಬೇಡಿ. ಕೋಟೆಯ ಬಾಗಿಲುಗಳು ಕಿರಿದು. ಜನ ಸಿಲುಕಿದರೆ ಮಗುವನ್ನು ಹಿಡಿದು ನಿಲ್ಲುವುದಕ್ಕೂ ಜಾಗವಿರುವುದಿಲ್ಲ. ನಿಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಕುಂಡಮಳಾದಲ್ಲಿ 2025ರ ಜೂನ್ 15ರಂದು ಇಂದ್ರಾಯಣಿಯ ಹಳೆಯ ಸೇತುವೆ ಕುಸಿದು ನಾಲ್ವರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅದೂ ಭಾನುವಾರ, ಅಂದು ಸೇತುವೆಯ ಮೇಲೆ ಜನ ಕಿಕ್ಕಿರಿದಿದ್ದರು. ಒಂದು ದಿನ ರಜೆ ಹಾಕಿ ಬುಧವಾರ ಹೋದವರಿಗೆ ಇದೇ ಸಹ್ಯಾದ್ರಿ ಬೇರೆ ಲೋಕ.

ಎರಡನೆಯದು ಭೀಮಾಶಂಕರ, ಇದನ್ನು ಮಾವನವರಿಗಾಗಿಯೇ ಹೇಳುತ್ತಿದ್ದೇನೆ. ಗಾಣಗಾಪುರದ ಸಂಗಮದಲ್ಲಿ ಅವರು ಎಷ್ಟು ಸಲ ಮಿಂದಿರುತ್ತಾರೋ, ಆ ಭೀಮೆ ಹುಟ್ಟುವುದು ಈ ಕಾಡಿನಲ್ಲಿ. ಇಲ್ಲಿಂದ ಹೊರಟು 861 ಕಿಲೋಮೀಟರ್ ಹರಿದು, ಅಫಜಲಪುರವನ್ನೂ ಹಾದು, ರಾಯಚೂರಿನ ಹತ್ತಿರ ಕೃಷ್ಣೆಯನ್ನು ಕೂಡುತ್ತದೆ. ಬೇಸಿಗೆಯಲ್ಲಿ ಮರಳೇ ಮರಳಾದ ಅಗಲವಾದ ಪಾತ್ರವನ್ನು ಜೀವಮಾನವೆಲ್ಲ ನೋಡಿದ ಒಬ್ಬರು, ದಾಟಲು ಒಂದೇ ಹೆಜ್ಜೆ ಸಾಕಾಗುವ ಝರಿಯಾಗಿ ಅದೇ ನದಿಯನ್ನು ಕಾಣುವುದು ದೊಡ್ಡ ಸಂಗತಿ. ಕಲಬುರಗಿ ಜಿಲ್ಲೆಯ ಹಿರಿಯರೊಬ್ಬರನ್ನು ಹಿಂದೊಮ್ಮೆ ಅಲ್ಲಿಗೆ ಕರೆದೊಯ್ದಿದ್ದೆ. ಅವರು ಏನೂ ಮಾತಾಡದೆ ಬಗ್ಗಿ ಅಂಗೈಯಲ್ಲಿ ನೀರು ತುಂಬಿಕೊಂಡು ಬಹಳ ಹೊತ್ತು ಹಾಗೆಯೇ ನಿಂತಿದ್ದರು.

ದೇವಸ್ಥಾನ ತಗ್ಗಿನಲ್ಲಿದೆ, ಇನ್ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದು ಮತ್ತೆ ಏರಬೇಕು. ಮಾವನವರ ಮೊಣಕಾಲಿಗೆ ಕೋಲೊಂದು ಜೊತೆಯಿರಲಿ, ಇಳಿಯುವಾಗ ಅವಸರ ಬೇಡ. ಬಸ್ ನಿಲ್ಲುವ ಕಡೆಯಿಂದ ಮುಂಬಯಿ ಪಾಯಿಂಟ್ ಹತ್ತಿರವೇ ಇದೆ. ಮಂಜು ಸರಿದರೆ ಅಲ್ಲಿಂದ ಕೊಂಕಣದ ತಗ್ಗು ಕಾಣುತ್ತದೆ, ಅವರಿಗೆ ಅಷ್ಟು ಸಾಕು. ನೀವು ಮಗಳೊಂದಿಗೆ ಗುಪ್ತ ಭೀಮಾಶಂಕರದ ಕಾಡುದಾರಿಯಲ್ಲಿ ನಡೆಯಿರಿ, ಮಳೆ ಜೋರಿಲ್ಲದ ದಿನ ಮಾತ್ರ. ನಾಗಫಣಿ ಎಂಬ ಕಡಿದಾದ ಬೆಟ್ಟದ ತುದಿಗೆ ಜುಲೈನಲ್ಲಿ ಹೋಗಬೇಡಿ. ಮಂಜಿನಲ್ಲಿ ಅಂಚು ಕಾಣುವುದಿಲ್ಲ, ಅಂಚಿನ ಹುಲ್ಲಿನ ಕೆಳಗೆ ನೆಲವೇ ಇಲ್ಲದಿರಬಹುದು. ಕರ್ಜತ್ ಕಡೆಯ ಖಾಂಡಸದಿಂದ ಏರುವ ಶಿಡಿ ಘಾಟ್, ಗಣೇಶ ಘಾಟ್ ಎಂಬ ಎರಡು ದಾರಿಗಳ ಬಗ್ಗೆಯೂ ನೀವು ಕೇಳಿರಬಹುದು. ಶಿಡಿ ಘಾಟ್‌ನಲ್ಲಿ ಬಂಡೆಗೆ ಕಟ್ಟಿದ ಏಣಿಗಳಿವೆ, ಮಕ್ಕಳಿಗೆ ಅದು ಸಲ್ಲದು.

ಭೀಮಾಶಂಕರದ ಈ ಕಾಡು ಅಭಯಾರಣ್ಯವೆಂದು ಘೋಷಣೆಯಾದದ್ದು 1985ರಲ್ಲಿ, ಮುಖ್ಯವಾಗಿ ಶೇಕರೂ ಎಂದು ಇಲ್ಲಿ ಕರೆಯುವ ಕೆಂದಳಿಲಿಗಾಗಿ. ಅದು ಮಹಾರಾಷ್ಟ್ರದ ರಾಜ್ಯಪ್ರಾಣಿಯೂ ಹೌದು. ನಿಮ್ಮೂರಿನಲ್ಲಿ ನೀವು ಕಂಡ ಕೆಂದಳಿಲಿನ ಬಳಗದ್ದೇ, ಬಣ್ಣದಲ್ಲಿ ಒಂದಿಷ್ಟು ವ್ಯತ್ಯಾಸ. ಮಗಳಿಗೆ ನೆಲದ ಮೇಲೆ ಕಣ್ಣಿಡಲು ಹೇಳಿ: ಅರ್ಧ ತಿಂದು ಬಿಟ್ಟ ಹಣ್ಣು, ಕಾಯಿ ಬಿದ್ದಿದ್ದರೆ ಮೇಲೆ ಅದರ ಗೂಡು ಇರುವ ಸಂಭವ ಹೆಚ್ಚು. ಅಳಲೆ ಮರಗಳನ್ನೂ ನೀವು ಗುರುತಿಸುತ್ತೀರಿ. ಇಲ್ಲಿ ಅದಕ್ಕೆ ಹಿರಡಾ ಎಂದು ಹೆಸರು, ಮಹಾದೇವ ಕೋಳಿ ಸಮುದಾಯದವರಿಗೆ ಅದರ ಕಾಯಿಯ ಸಂಗ್ರಹ ಒಂದು ಜೀವನಾಧಾರ. ನಮ್ಮ ದೇವರ ಕಾಡಿನಂತೆಯೇ ಇವರಿಗೂ ದೇವರಾಯಿಗಳಿವೆ. ಅಲ್ಲಿ ಚಪ್ಪಲಿ ತೆಗೆಯಿರಿ, ಒಂದು ಎಲೆಯನ್ನೂ ಕೀಳಬೇಡಿ. ಮಳೆಗಾಲದ ರಾತ್ರಿ ಕಾಡಿನ ಕೊಳೆತ ಕೊಂಬೆಗಳ ಮೇಲೆ ಹಸಿರಾಗಿ ಹೊಳೆಯುವ ಅಣಬೆಗಳೂ ಇಲ್ಲಿ ಕಾಣಸಿಗುತ್ತವೆ; ಆದರೆ ಅದಕ್ಕಾಗಿ ಕತ್ತಲಲ್ಲಿ ಒಬ್ಬರೇ ಕಾಡಿಗೆ ಕಾಲಿಡುವಂತಿಲ್ಲ, ಅರಣ್ಯ ಸಿಬ್ಬಂದಿಯನ್ನು ಕೇಳಿ. ಶ್ರಾವಣ ಹಿಡಿದ ಮೇಲೆ ಭೀಮಾಶಂಕರದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆಷಾಢದಲ್ಲೇ ಹೋಗಿಬನ್ನಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಇಲ್ಲಿಗೆ ಹತ್ತಿರದ, ಅಂಬೇಗಾಂವ್ ತಾಲ್ಲೂಕಿನ ಮಾಳೀಣ ಎಂಬ ಊರಿನ ಮೇಲೆ 2014ರ ಜುಲೈ 30ರ ಬೆಳಗ್ಗೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಮಣ್ಣಿನಡಿ ಸತ್ತರು. ಎರಡು-ಮೂರು ದಿನ ಬಿಡದೆ ಮಳೆ ಸುರಿದಿದ್ದರೆ, ನೀವು ಹೊರಡುವ ದಿನ ಆಕಾಶ ತಿಳಿಯಾಗಿದ್ದರೂ ಹೋಗಬೇಡಿ. ನೀರು ಕುಡಿದ ಗುಡ್ಡ ಬಿಸಿಲು ಬಂದ ಮೇಲೂ ಜಾರುತ್ತದೆ. ಹವಾಮಾನ ಇಲಾಖೆ ಪುಣೆ ಜಿಲ್ಲೆಯ ಘಟ್ಟ ಪ್ರದೇಶಕ್ಕೆ ಬೇರೆಯಾಗಿಯೇ ಮುನ್ಸೂಚನೆ ಕೊಡುತ್ತದೆ, ನಗರದ್ದನ್ನು ನೋಡಿ ಹೊರಡಬೇಡಿ. ಕಿತ್ತಳೆ ಅಥವಾ ಕೆಂಪು ಬಣ್ಣದ ಎಚ್ಚರಿಕೆಯಿದ್ದರೆ ಮನೆಯಲ್ಲೇ ಬಜ್ಜಿ ಮಾಡಿ ತಿನ್ನಿ.

ಇನ್ನು ಹಳ್ಳದ ಮುಂದೆ ನಿಂತಾಗ ಏನು ಮಾಡಬೇಕು ಎಂಬುದು. ಎಷ್ಟೇ ತಪ್ಪಿಸಿದರೂ ಒಮ್ಮೆಯಾದರೂ ಆ ಹೊತ್ತು ಬರುತ್ತದೆ. ವರ್ಷಗಳ ಹಿಂದೆ ಒಂಬತ್ತು ಜನರ ತಂಡದೊಂದಿಗೆ ಮುಳಶಿಯ ಆಚೆ ಒಂದು ಹಳ್ಳವನ್ನು ಬೆಳಗ್ಗೆ ಹರಡು ಮುಳುಗುವ ನೀರಿನಲ್ಲಿ ದಾಟಿದ್ದೆವು. ಮಧ್ಯಾಹ್ನ ಎರಡಕ್ಕೆ ಹಿಂದಿರುಗುವಾಗ ಅದೇ ಜಾಗದಲ್ಲಿ ಕಂದು ನೀರು ಸೊಂಟದ ಮಟ್ಟಕ್ಕೆ ಹರಿಯುತ್ತಿತ್ತು. ತಂಡದಲ್ಲಿ ಇಬ್ಬರು ಕೊನೆಯ ಬಸ್ಸಿನ ಅವಸರದಲ್ಲಿದ್ದರು, ಹಗ್ಗ ಕಟ್ಟಿಕೊಂಡು ದಾಟೋಣ ಎಂದರು. ಕಂಬಳಿ ಕೊಪ್ಪೆ ಹಾಕಿದ್ದ ಧನಗರ ಅಜ್ಜಿಯೊಬ್ಬರು ಎಮ್ಮೆ ಹೊಡೆದುಕೊಂಡು ಅಲ್ಲಿಗೆ ಬಂದರು, ನೀರನ್ನು ನೋಡಿದರು, ಕಲ್ಲಿನ ಮೇಲೆ ಕುಳಿತರು. ‘ಬಸಾ, ಪಾಣೀ ಉತರೇಲ್’ ಎಂದರು. ಕುಳಿತುಕೊಳ್ಳಿ, ನೀರು ಇಳಿಯುತ್ತದೆ. ಮೇಲೆ ಮಳೆ ನಿಂತ ಎರಡೂವರೆ ಗಂಟೆಯಲ್ಲಿ ನೀರು ಮೊಣಕಾಲಿನ ಕೆಳಗೆ ಬಂತು. ಅವರ ಎಮ್ಮೆಗಳು ಮೊದಲು ದಾಟಿದವು, ಆಮೇಲೆ ನಾವು. ಬೇಗ ಏರುವ ನೀರು ಬೇಗ ಇಳಿಯುವುದೂ ಈ ನೆಲದ ಗುಣ. ಕಾಯುವಷ್ಟು ಹೊತ್ತು ಕೈಯಲ್ಲಿರಬೇಕು, ಅಷ್ಟೇ. ಅದಕ್ಕಾಗಿಯೇ ನಾನು ಬೆಳಗ್ಗೆ ಆರಕ್ಕೆ ನಡೆಯಲು ಆರಂಭಿಸಿ ಮಧ್ಯಾಹ್ನ ಎರಡರೊಳಗೆ ಊರು ಸೇರುವಂತೆ ದಾರಿ ಆರಿಸುತ್ತೇನೆ.

ನೀರು ಏರುವ ಮುನ್ನ ಅದು ಸೂಚನೆ ಕೊಡುತ್ತದೆ. ತಿಳಿನೀರು ಕೆಂಪಗಾಗುತ್ತದೆ, ಕಡ್ಡಿ ಎಲೆಗಳು ತೇಲಿ ಬರತೊಡಗುತ್ತವೆ, ಸದ್ದು ದಪ್ಪವಾಗುತ್ತದೆ, ತಳದಲ್ಲಿ ಕಲ್ಲು ಉರುಳುವ ಗುಡುಗು ಕೇಳುತ್ತದೆ. ಇವುಗಳಲ್ಲಿ ಒಂದು ಕಂಡರೂ ಚೀಲ ಬಿಟ್ಟಾದರೂ ಎತ್ತರಕ್ಕೆ ಹೋಗಿ. ದಾಟಲೇಬೇಕಾದರೆ ವಯಸ್ಕರ ಮೊಣಕಾಲಿಗಿಂತ ಕೆಳಗಿನ ನೀರು ಮಾತ್ರ. ಬೂಟು ಕಾಲಲ್ಲೇ ಇರಲಿ, ಬೆನ್ನಚೀಲದ ಸೊಂಟಪಟ್ಟಿ ಬಿಚ್ಚಿರಲಿ, ಹಗ್ಗವನ್ನು ಎಂದೂ ಮೈಗೆ ಕಟ್ಟಿಕೊಳ್ಳಬೇಡಿ. ಪಾಚಿಗಟ್ಟಿದ ಕಪ್ಪು ಕಲ್ಲಿಗಿಂತ ಮರಳು, ಗೊರಚು ಕಲ್ಲಿನ ಮೇಲೆ ಹೆಜ್ಜೆಯಿಡಿ. ಬೂಟಿನ ಅಡಿಭಾಗ ಮೆತ್ತನೆಯ ರಬ್ಬರಿನದಾಗಿದ್ದು ಆಳವಾದ ಹಲ್ಲುಗಳಿರಬೇಕು. ಛತ್ರಿ ಘಟ್ಟದ ಗಾಳಿಗೆ ನಿಲ್ಲುವುದಿಲ್ಲ. ಜಿಗಣೆಗೆ ನಿಮ್ಮ ಅಮ್ಮನ ಮದ್ದೇ ಸಾಕು.

ಗೋವಾದ ನೆಲ ಬೇರೆ. ಅಲ್ಲಿಯ ಮಳೆಕಾಡು ನಿಮ್ಮೂರಿಗೆ ಹತ್ತಿರ, ಮನಸ್ಸಿಗೂ ಹಿಡಿಸುತ್ತದೆ. ಆದರೆ 2023ರ ಜುಲೈನಲ್ಲಿ ನೇತ್ರಾವಳಿಯ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿದ ಮೇಲೆ ಅರಣ್ಯ ಇಲಾಖೆ ಅಭಯಾರಣ್ಯದ ಜಲಪಾತಗಳಿಗೆ ಪ್ರವೇಶ ನಿಷೇಧಿಸಿತ್ತು. ಯಾವುದು ತೆರೆದಿದೆ ಎಂದು ತಂಗಿಯಿಂದ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಂಡೇ ಹೊರಡಿ. ತಾಂಬಡಿ ಸುರ್ಲಾ ಮಹಾದೇವ ದೇವಸ್ಥಾನಕ್ಕಂತೂ ಖಂಡಿತ ಹೋಗಿ. ಕದಂಬರ ಕಾಲದ ಆ ಕಪ್ಪು ಕಲ್ಲಿನ ಗುಡಿ ಕಾಡಿನ ನಡುವೆ, ತೊರೆಯ ಪಕ್ಕದಲ್ಲಿದೆ. ಮಾವನವರೂ ಆರಾಮವಾಗಿ ಬರಬಹುದು. ದೂಧಸಾಗರಕ್ಕೆ ಹಳಿಯ ಮೇಲೆ ನಡೆದು ಹೋಗುವುದು ಅಪರಾಧ, ಅಪಾಯವೂ ಹೌದು. 310 ಮೀಟರಿನ ಆ ಜಲಪಾತವನ್ನು ಮಳೆಗಾಲದಲ್ಲಿ ನೋಡಲು ರೈಲಿನ ಕಿಟಕಿಯೇ ಸರಿಯಾದ ಜಾಗ: ಕುಳೆಂನಿಂದ ಕ್ಯಾಸಲ್‌ರಾಕ್ ಕಡೆಗೆ ಹಗಲಿನಲ್ಲಿ ಘಟ್ಟವೇರುವ ರೈಲಿನಲ್ಲಿ ಹಿಂದಿರುಗಿ. ಬೇಸಿಗೆಯಲ್ಲಿ ಸತ್ತರಿ ಕಡೆಯ ಕಾಡಿಗೆ ಹೋಗುವ ಮನಸ್ಸಾದರೆ ಒಂದು ನೆನಪಿರಲಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ 2015ರಲ್ಲಿ ಸತ್ತರಿಯಲ್ಲೂ ಕಾಣಿಸಿಕೊಂಡಿದೆ. ಉಣುಗಿನ ಬಗ್ಗೆ ತೀರ್ಥಹಳ್ಳಿಯವರಿಗೆ ನಾನು ಹೇಳಬೇಕಾಗಿಲ್ಲ.

ಕೊನೆಗೆ ಅತ್ತೆಯವರ ವಿಷಯ. ಹೊರಡುವ ಹಿಂದಿನ ರಾತ್ರಿ ಅವರ ಪಕ್ಕದಲ್ಲಿ ಕುಳಿತು ಒಂದು ಚೀಟಿ ಬರೆಯಿರಿ: ಯಾವ ಊರಿನಿಂದ ನಡಿಗೆ ಶುರು, ಯಾವ ಊರಿನಲ್ಲಿ ಮುಕ್ತಾಯ, ಯಾರ ಮನೆಯಲ್ಲಿ ಊಟ, ಅವರ ಫೋನ್ ಸಂಖ್ಯೆ, ಹಿಂದಿರುಗುವ ಲೋಕಲ್ ಅಥವಾ ಬಸ್ಸಿನ ಸಮಯ. ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ಹಲವೆಡೆ ಇರುವುದಿಲ್ಲ, ಆದ್ದರಿಂದ ಮಧ್ಯಾಹ್ನ ಕರೆ ಬರದಿದ್ದರೆ ಗಾಬರಿಯಾಗಬಾರದು ಎಂದು ಹೇಳಿ. ಸಂಜೆ ಆರರವರೆಗೂ ಸುದ್ದಿ ಇಲ್ಲದಿದ್ದರೆ ಮೊದಲು ಊಟದ ಮನೆಯವರಿಗೆ, ಆಮೇಲೆ 112ಕ್ಕೆ ಕರೆ ಮಾಡಿ ಆ ಚೀಟಿಯನ್ನು ಓದಿ ಹೇಳುವುದು ಅವರ ಕೆಲಸ. ಚೀಟಿಯನ್ನು ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲೇ ಬರೆಯಿರಿ, ಫೋನಿನ ಪಕ್ಕದಲ್ಲೇ ಇಡಿ.